ಗೊತ್ತಿದ್ದರೆ ಸಾಲದು, ಹೇಳಲೂ ಬರಬೇಕು

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಊಟದ ವಿಷಯಕ್ಕೆ ಶಾಲೆಯಲ್ಲಿ ಪಾಠವಿದೆ. ಪಿಷ್ಟ, ಸಸಾರಜನಕ, ಕೊಬ್ಬು, ಜೀವಸತ್ವ, ಖನಿಜ ಎಂದು ಆರನೆಯ ತರಗತಿಯ ಮಗುವೂ ಬೆರಳು ಮಡಚಿ ಎಣಿಸುತ್ತದೆ. ಗಾದೆಯ ಎರಡನೆಯ ಭಾಗಕ್ಕೆ, ಅಂದರೆ ಮಾತಿಗೆ, ವೇಳಾಪಟ್ಟಿಯಲ್ಲಿ ಪಿರಿಯಡ್ ಇಲ್ಲ. ಎರಡು ವರ್ಷಕ್ಕೆ ತಾನಾಗಿ ಬಂದ ಮಾತು ಹದಿನಾರು ವರ್ಷದವರೆಗೂ ತಾನಾಗಿಯೇ ಬೆಳೆಯುತ್ತದೆ ಎಂದು ತಂದೆತಾಯಿಯರೂ ಅಧ್ಯಾಪಕರೂ ನಂಬಿಕೊಂಡಿದ್ದೇವೆ.

ಅದು ಹಾಗೆ ಬೆಳೆಯುವುದಿಲ್ಲ ಎಂಬುದಕ್ಕೆ ಯಾವ ತರಗತಿಗೆ ಹೋದರೂ ಸಾಕ್ಷಿ ಸಿಗುತ್ತದೆ. ಚಾರ್ಮಾಡಿ ಕಡೆಯ ಮಕ್ಕಳಿಗೆ 'ಘಟ್ಟದ ಈ ಬದಿಯಲ್ಲಿ ಮಳೆ ಏಕೆ ಹೆಚ್ಚು?' ಎಂದು ಕೇಳಿ ನೋಡಿ. ಅರಬ್ಬೀ ಸಮುದ್ರದ ಕಡೆಯಿಂದ ಬಂದ ಮೋಡ ಗುಡ್ಡಕ್ಕೆ ತಾಗಿ ಮೇಲೇರುವುದನ್ನು, ನೋಡನೋಡುತ್ತಿದ್ದಂತೆ ಘಾಟಿ ಪೂರಾ ಮಂಜಿನಲ್ಲಿ ಮುಚ್ಚಿಹೋಗುವುದನ್ನು ಅವರು ಹುಟ್ಟಿದಂದಿನಿಂದ ಕಂಡಿದ್ದಾರೆ. ಮೇಲೇರಿದ ಗಾಳಿ ತಣ್ಣಗಾಗುತ್ತದೆ, ತಣ್ಣಗಾದಾಗ ಆವಿ ಹನಿಗಟ್ಟುತ್ತದೆ ಎಂದು ಪುಸ್ತಕದಲ್ಲೂ ಓದಿದ್ದಾರೆ. ಆದರೂ ಎದ್ದು ನಿಂತ ಹುಡುಗ ಬೆಂಚಿನ ಅಂಚನ್ನು ಕೆರೆಯುತ್ತ ಹೇಳುವುದು ಒಂದೇ ಮಾತು: 'ಗೊತ್ತುಂಟು ಸರ್, ಹೇಳಲಿಕ್ಕೆ ಬರುವುದಿಲ್ಲ.'

ವಿಜ್ಞಾನದ ಅಧ್ಯಾಪಕನಾಗಿ ನಾನು ಈ ವಾಕ್ಯವನ್ನು ಕೇಳಿದಷ್ಟು ಬೇರಾವುದನ್ನೂ ಕೇಳಿಲ್ಲ. ಇದನ್ನು ನಕ್ಕು ಬಿಟ್ಟುಬಿಡುವಂತಿಲ್ಲ. ಗೊತ್ತಿದ್ದದ್ದನ್ನು ಹೇಳಲಾಗದ ವಿದ್ಯಾರ್ಥಿ ಇಂದು ಎರಡು ಅಂಕ ಕಳೆದುಕೊಳ್ಳುತ್ತಾನೆ. ನಾಳೆ ಸಂದರ್ಶನದಲ್ಲಿ ಉದ್ಯೋಗ ಕಳೆದುಕೊಳ್ಳುತ್ತಾನೆ. ವೈದ್ಯರ ಮುಂದೆ ತನ್ನ ನೋವನ್ನು, ಅಧಿಕಾರಿಯ ಮುಂದೆ ತನ್ನೂರಿನ ಕಷ್ಟವನ್ನು ಹೇಳಲಾಗದೆ ಹಿಂತಿರುಗುತ್ತಾನೆ. ಆದ್ದರಿಂದ ಮಾತು ಅಲಂಕಾರದ ವಸ್ತು ಎಂದು ಭಾವಿಸದೆ, ಅದನ್ನೂ ಒಂದು ವಿದ್ಯೆಯೆಂದು ತಿಳಿದು ಕಲಿಯಬೇಕಾಗಿದೆ.

ಸಂವಹನ ಎಂದರೇನು?

ನನ್ನ ಮನಸ್ಸಿನಲ್ಲಿರುವ ಚಿತ್ರ ನಿಮ್ಮ ಮನಸ್ಸಿನಲ್ಲಿಯೂ ಹಾಗೆಯೇ ಮೂಡುವಂತೆ ಮಾಡುವುದೇ ಸಂವಹನ. ನಾನು ಎಷ್ಟು ಹೊತ್ತು ಮಾತಾಡಿದೆ, ಎಷ್ಟು ಜೋರಾಗಿ ಮಾತಾಡಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ನಿಮಗೆ ಎಷ್ಟು ತಲುಪಿತು ಎಂಬುದಷ್ಟೇ ಲೆಕ್ಕ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಕ್ಲಾಡ್ ಶಾನನ್ ಎಂಬ ಗಣಿತಜ್ಞ 1948ರಲ್ಲಿ ಸಂವಹನದ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧ ಬರೆದ. ಆತನ ಮನಸ್ಸಿನಲ್ಲಿದ್ದದ್ದು ದೂರವಾಣಿ, ತಂತಿ ಮೊದಲಾದವು. ಸಂದೇಶ ಒಂದು ಮೂಲದಿಂದ ಹೊರಡುತ್ತದೆ, ಸಂಕೇತವಾಗಿ ಬದಲಾಗುತ್ತದೆ, ಒಂದು ಮಾರ್ಗದಲ್ಲಿ ಸಾಗುತ್ತದೆ, ಆ ಕಡೆ ಪುನಃ ಸಂದೇಶವಾಗುತ್ತದೆ. ದಾರಿಯಲ್ಲಿ 'ಗದ್ದಲ' ಸೇರಿಕೊಂಡು ಸಂದೇಶವನ್ನು ಕೆಡಿಸುತ್ತದೆ. ತಂತಿಗೆ ಹೇಳಿದ ಈ ಮಾತು ತರಗತಿಗೂ ಒಪ್ಪುತ್ತದೆ.

ಜುಲೈ ತಿಂಗಳಲ್ಲಿ ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಪಾಠ ಕೇಳಿದವರಿಗೆ ಗದ್ದಲವೆಂದರೇನು ಎಂದು ವಿವರಿಸಬೇಕಾಗಿಲ್ಲ. ಕಿವಿಗೆ ಕೇಳಿಸದ ಗದ್ದಲವೂ ಉಂಟು. ಕೇಳುವವನ ಹಸಿವು, ಹೇಳುವವನ ಅವಸರ, ಅರ್ಥವಾಗದ ಒಂದು ಶಬ್ದ, 'ತಪ್ಪಾದರೆ ನಗುತ್ತಾರೆ' ಎಂಬ ಹೆದರಿಕೆ, ಇವೆಲ್ಲವೂ ಗದ್ದಲವೇ. ಮಳೆಯ ಗದ್ದಲಕ್ಕೆ ನಾವು ಏನು ಮಾಡುತ್ತೇವೆ? ನಿಧಾನವಾಗಿ ಹೇಳುತ್ತೇವೆ, ಮುಖ್ಯವಾದುದನ್ನು ಎರಡು ಸಲ ಹೇಳುತ್ತೇವೆ, ಬೋರ್ಡಿನ ಮೇಲೆ ಬರೆಯುತ್ತೇವೆ, 'ಕೇಳಿಸಿತೇ?' ಎಂದು ವಿಚಾರಿಸುತ್ತೇವೆ. ಉಳಿದ ಗದ್ದಲಗಳಿಗೂ ಮದ್ದು ಹೆಚ್ಚುಕಡಿಮೆ ಇವೇ ನಾಲ್ಕು.

ಮೊದಲು ಕಿವಿ, ಆಮೇಲೆ ಬಾಯಿ

ಮಾತು ಕಲಿಯಬೇಕೆಂದರೆ ಬಾಯಿಯಿಂದ ಆರಂಭಿಸಬೇಕೆಂದು ಹಲವರು ತಿಳಿದಿದ್ದಾರೆ. ಆರಂಭಿಸಬೇಕಾದದ್ದು ಕಿವಿಯಿಂದ. ಇದಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ಒಂದು ಸೊಗಸಾದ ನಿದರ್ಶನವಿದೆ.

ಮೈಕೆಲ್ ಫ್ಯಾರಡೆ 1791ರಲ್ಲಿ ಹುಟ್ಟಿದ ಕಮ್ಮಾರನ ಮಗ. ಶಾಲೆಗೆ ಹೋದದ್ದು ಸ್ವಲ್ಪವೇ. ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿದ್ದ. 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸರ್ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳುವ ಅವಕಾಶ ಅವನಿಗೆ ದೊರೆಯಿತು. ಕೇಳಿದ್ದನ್ನು ಗಮನವಿಟ್ಟು ಟಿಪ್ಪಣಿ ಮಾಡಿಕೊಂಡ, ಮನೆಗೆ ಬಂದು ವಿಸ್ತರಿಸಿ ಬರೆದ, ಚಿತ್ರ ಬಿಡಿಸಿದ, ತಾನೇ ರಟ್ಟು ಕಟ್ಟಿ ಡೇವಿಗೇ ಕಳುಹಿಸಿಕೊಟ್ಟ. ಮರುವರ್ಷ ಡೇವಿ ಅವನನ್ನು ಸಹಾಯಕನಾಗಿ ಸೇರಿಸಿಕೊಂಡ. ವಿದ್ಯುತ್ ಜನಕಕ್ಕೆ ಮೂಲವಾದ ವಿದ್ಯುತ್ಕಾಂತೀಯ ಪ್ರೇರಣೆಯನ್ನು 1831ರಲ್ಲಿ ಕಂಡುಹಿಡಿದ ಮಹಾವಿಜ್ಞಾನಿಯ ಜೀವನ, ಹೀಗೆ ಚೆನ್ನಾಗಿ ಕೇಳಿಸಿಕೊಂಡದ್ದರಿಂದ ತಿರುವು ಪಡೆಯಿತು.

ಅಲ್ಲಿಗೇ ಅವನು ನಿಲ್ಲಿಸಲಿಲ್ಲ. 1813ರಲ್ಲಿ ಗೆಳೆಯನಿಗೆ ಬರೆದ ಪತ್ರಗಳಲ್ಲಿ ಉಪನ್ಯಾಸಕಾರ ಹೇಗೆ ನಿಲ್ಲಬೇಕು, ಎಷ್ಟು ನಿಧಾನವಾಗಿ ಮಾತಾಡಬೇಕು, ಸಭಾಂಗಣದಲ್ಲಿ ಗಾಳಿಯಾಡುತ್ತದೆಯೇ ಎಂಬುದನ್ನೆಲ್ಲ ಚರ್ಚಿಸಿದ್ದಾನೆ. ಆಗ ಅವನಿಗೆ ಇನ್ನೂ ಇಪ್ಪತ್ತೊಂದರ ಹರೆಯ. ಮುಂದೆ ಮಾತಿನ ಕಲೆ ಕಲಿಸುವ ಅಧ್ಯಾಪಕರ ಬಳಿ ಪಾಠ ಹೇಳಿಸಿಕೊಂಡ. ಉಪನ್ಯಾಸದ ಉತ್ಸಾಹದಲ್ಲಿ ವೇಗ ಹೆಚ್ಚುವ ಅಭ್ಯಾಸ ಅವನಿಗಿತ್ತು. ಅದಕ್ಕಾಗಿ 'ನಿಧಾನ' ಎಂದು ಬರೆದ ಒಂದು ಚೀಟಿಯನ್ನು ಸಹಾಯಕನಿಂದ ತನ್ನ ಕಣ್ಣೆದುರಿಗೆ ಇಡಿಸಿಕೊಳ್ಳುತ್ತಿದ್ದನಂತೆ. ಮಕ್ಕಳಿಗಾಗಿ 1825ರಲ್ಲಿ ಆರಂಭವಾದ ಕ್ರಿಸ್‌ಮಸ್ ಉಪನ್ಯಾಸಗಳಲ್ಲಿ ಹತ್ತೊಂಬತ್ತು ಸರಣಿಗಳನ್ನು ಅವನೇ ನಡೆಸಿಕೊಟ್ಟ. ಒಂದು ಮೇಣದ ಬತ್ತಿಯನ್ನು ಉರಿಸಿಟ್ಟುಕೊಂಡು ರಸಾಯನಶಾಸ್ತ್ರವನ್ನು ಮಕ್ಕಳಿಗೆ ತಿಳಿಸಿದ ಅವನ ಉಪನ್ಯಾಸಗಳು ಪುಸ್ತಕವಾಗಿ ಇಂದಿಗೂ ಓದಲ್ಪಡುತ್ತಿವೆ. ಒಳ್ಳೆಯ ಮಾತುಗಾರಿಕೆ ಹುಟ್ಟಿನಿಂದಲೇ ಬರಬೇಕೆಂದು ಹೇಳುವವರಿಗೆ ಫ್ಯಾರಡೆಯ ಜೀವನವೇ ಉತ್ತರ.

ವಿದ್ಯಾರ್ಥಿಗಳು ಇದನ್ನು ಹೀಗೆ ಅಭ್ಯಾಸ ಮಾಡಬಹುದು. ಯಾವುದೇ ಪಾಠ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ಕೇಳಿದ್ದರಲ್ಲಿ ಮುಖ್ಯವಾದ ಮೂರು ಸಂಗತಿಗಳನ್ನು ಸ್ವಂತ ವಾಕ್ಯಗಳಲ್ಲಿ ಬರೆಯಿರಿ. ಮೂರು ಸಿಗದಿದ್ದರೆ ಕೇಳಿದ್ದು ಸಾಲದು ಎಂದು ಅರ್ಥ. ಹಾಗೆಯೇ ಗೆಳೆಯನ ಮಾತಿಗೆ ಉತ್ತರಿಸುವ ಮುನ್ನ 'ನೀನು ಹೇಳಿದ್ದು ಹೀಗಲ್ಲವೇ?' ಎಂದು ಒಮ್ಮೆ ಅವನ ಮಾತನ್ನು ಅವನಿಗೇ ಹೇಳಿ ನೋಡಿ. ಅರ್ಧದಷ್ಟು ಜಗಳ ಅಲ್ಲಿಯೇ ನಿಲ್ಲುತ್ತದೆ.

ನಮ್ಮೂರಿನಲ್ಲೇ ಇರುವ ಪಾಠಶಾಲೆ

ಲಂಡನ್ನಿಗೆ ಹೋಗಿ ಬಂದ ನಾವು ನಮ್ಮ ಅಂಗಳವನ್ನೂ ಒಮ್ಮೆ ನೋಡೋಣ. ಬೆಳ್ತಂಗಡಿ, ಬಂಟ್ವಾಳ, ಮೂಡಬಿದಿರೆಯ ಮಕ್ಕಳಿಗೆ ತಾಳಮದ್ದಳೆ ಹೊಸತಲ್ಲ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ಸಂಜೆಗಳಲ್ಲಿ ಸಭಾಭವನ, ದೇವಸ್ಥಾನ, ಮನೆ ಜಗಲಿಗಳಲ್ಲಿ ಕೂಟಗಳು ನಡೆಯುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಅದಕ್ಕೆ ಅರ್ಥ ಹೇಳುತ್ತಾರೆ. ಅಚ್ಚಾದ ಸಂಭಾಷಣೆ ಅವರ ಕೈಯಲ್ಲಿಲ್ಲ. ಪದ್ಯದ ಚೌಕಟ್ಟನ್ನು ಮೀರದೆ, ಎದುರಿನವರು ಏನು ಹೇಳಿದರೋ ಅದಕ್ಕೆ ತಕ್ಕ ಮಾತನ್ನು ಕುಳಿತಲ್ಲೇ ಕಟ್ಟಬೇಕು.

'ವಾಲಿವಧೆ'ಯಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ಮರೆಯಲ್ಲಿ ನಿಂತು ಹೊಡೆದದ್ದು ಧರ್ಮವೇ ಎಂಬ ಪ್ರಶ್ನೆಗೆ ರಾಮ ಉತ್ತರ ಕೊಡಲೇಬೇಕು. ಕಥೆಯ ಕೊನೆ ಎಲ್ಲರಿಗೂ ಗೊತ್ತು. ಆದರೂ ಈ ವಾದವನ್ನು ಕೇಳಲೆಂದೇ ಜನ ಮಳೆಯಲ್ಲಿ ಕೊಡೆ ಹಿಡಿದು ಬರುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಮಲ್ಪೆ ಶಂಕರನಾರಾಯಣ ಸಾಮಗರು, ದೇರಾಜೆ ಸೀತಾರಾಮಯ್ಯನವರು ಮೊದಲಾದವರ ಅರ್ಥಗಾರಿಕೆಯನ್ನು ಕೇಳಿ ಕನ್ನಡವನ್ನು ತಿದ್ದಿಕೊಂಡವರು ಈ ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ. ಅರ್ಥಧಾರಿ ಕುಂಬಳೆ ಸುಂದರ ರಾಯರು 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ವಿಧಾನಸಭೆಗೇ ಆಯ್ಕೆಯಾದರು.

ವಿದ್ಯಾರ್ಥಿಗಳು ತಾಳಮದ್ದಳೆಯಿಂದ ಕಲಿಯಬೇಕಾದದ್ದು ಸಂಸ್ಕೃತ ಶಬ್ದಗಳ ಆಡಂಬರವನ್ನಲ್ಲ. ಅಲ್ಲಿ ಮೂರು ಪಾಠಗಳಿವೆ. ಎದುರಿನವರ ಮಾತನ್ನು ಪೂರ್ತಿ ಕೇಳದವನು ಒಳ್ಳೆಯ ಅರ್ಥಧಾರಿಯಾಗಲಾರ ಎಂಬುದು ಒಂದು. ತನಗೆ ಒಪ್ಪಿಗೆಯಿಲ್ಲದ ಪಕ್ಷವನ್ನೂ ಹೊಕ್ಕು ಮಾತಾಡುವ ಅಭ್ಯಾಸ ಎರಡನೆಯದು. ಇಂದು ರಾಮನಾದವರು ನಾಳೆ ವಾಲಿಯಾಗುತ್ತಾರೆ. ಎಷ್ಟೇ ಬಿಸಿ ವಾದವಾದರೂ ಎದುರಿನವರ ಗೌರವಕ್ಕೆ ಕುಂದು ತರಬಾರದು, ಕೂಟ ಮುಗಿದ ಮೇಲೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು ಎಂಬುದು ಮೂರನೆಯದು.

ನಮ್ಮ ಶಾಲೆಗಳ ಭಾಷಣ ಸ್ಪರ್ಧೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪ್ರತಿಭಾ ಕಾರಂಜಿಯಂಥ ಕಾರ್ಯಕ್ರಮಗಳು ಮಕ್ಕಳಿಗೆ ವೇದಿಕೆ ಕೊಟ್ಟಿರುವುದು ಸಂತೋಷದ ವಿಷಯ. ಆದರೆ ದೊಡ್ಡವರು ಬರೆದುಕೊಟ್ಟದ್ದನ್ನು ಮಗು ಗಿಳಿಪಾಠ ಒಪ್ಪಿಸುವುದು ಎಷ್ಟೋ ಕಡೆ ನಡೆಯುತ್ತಿದೆ. ನಡುವೆ ಒಂದು ಶಬ್ದ ಮರೆತರೆ ಮಗು ಅಲ್ಲಿಯೇ ನಿಲ್ಲುತ್ತದೆ, ಏಕೆಂದರೆ ಶಬ್ದ ಅದರದ್ದಲ್ಲ, ವಿಚಾರವೂ ಅದರದ್ದಲ್ಲ. ಅಂಥ ಭಾಷಣಕ್ಕೆ ಬಹುಮಾನ ಸಿಗಬಹುದು, ಮಾತು ಬಂದಂತಾಗುವುದಿಲ್ಲ. ಮಗುವೇ ನಾಲ್ಕು ಅಂಶ ಆರಿಸಿಕೊಂಡು ತನ್ನ ವಾಕ್ಯಗಳಲ್ಲಿ ತಡವರಿಸುತ್ತ ಹೇಳಿದರೂ ಅದೇ ಮೇಲು.

ಮನೆಮಾತು ತೊಡಕಲ್ಲ

ಚಾರ್ಮಾಡಿ, ಕಕ್ಕಿಂಜೆ, ಮುಂಡಾಜೆಗಳ ತರಗತಿಯೊಂದರಲ್ಲಿ ಮಕ್ಕಳು ಮನೆಯಲ್ಲಿ ಆಡುವ ಭಾಷೆಗಳನ್ನು ಲೆಕ್ಕ ಹಾಕಿದರೆ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ, ಚಿತ್ಪಾವನಿ, ಹವ್ಯಕ ಕನ್ನಡ ಎಂದು ಪಟ್ಟಿ ಬೆಳೆಯುತ್ತದೆ. ಘಾಟಿ ಹತ್ತಿ ಕೊಟ್ಟಿಗೆಹಾರ ತಲುಪಿದರೆ ಕನ್ನಡದ ಧಾಟಿಯೇ ಬೇರೆ. ಹೀಗಾಗಿ ನಮ್ಮ ಮಕ್ಕಳಿಗೆ ಶಾಲೆಯ ಕನ್ನಡ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು.

ತುಳುವಿನಲ್ಲಿ 'ಎಲ್ಲೆ ಬಲೆ' ಎಂದರೆ 'ನಾಳೆ ಬನ್ನಿ' ಎಂದರ್ಥ. ತುಳು ತಿಳಿಯದ ಕನ್ನಡಿಗನಿಗೆ ಅದು ಗಡಿಯಲ್ಲಿ ಹಾಕಿದ ಬಲೆಯಂತೆ ಕೇಳಿಸುತ್ತದೆ. ಶಬ್ದ ಒಂದೇ, ಇಬ್ಬರ ಮನಸ್ಸಿನ ಚಿತ್ರ ಬೇರೆ ಬೇರೆ. ಇದನ್ನು ದಿನವೂ ಅನುಭವಿಸುವ ನಮ್ಮ ಮಕ್ಕಳಿಗೆ ಒಂದು ದೊಡ್ಡ ಅನುಕೂಲವಿದೆ. ಎದುರಿಗಿರುವವರು ಯಾರು, ಅವರಿಗೆ ಯಾವ ಶಬ್ದ ಅರ್ಥವಾಗುತ್ತದೆ ಎಂದು ಯೋಚಿಸಿ ಮಾತು ಬದಲಿಸುವ ಜಾಣ್ಮೆ ಅವರಿಗೆ ಚಿಕ್ಕಂದಿನಲ್ಲೇ ಬಂದಿರುತ್ತದೆ. ಕಂಡಕ್ಟರರೊಡನೆ ಕನ್ನಡ, ಅಜ್ಜಿಯೊಡನೆ ತುಳು, ಗೆಳೆಯನೊಡನೆ ಬ್ಯಾರಿ ಮಾತಾಡುವ ಮಗುವಿಗೆ 'ಕಮ್ಯುನಿಕೇಶನ್ ಬರುವುದಿಲ್ಲ' ಎಂದು ಹೇಳುವುದು ಹೇಗೆ?

ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಹಲವು ತಂದೆತಾಯಿಯರು ನಂಬಿದ್ದಾರೆ. ಇಂಗ್ಲಿಷ್ ಬೇಕು, ಚೆನ್ನಾಗಿಯೇ ಬೇಕು. ಆದರೆ ಒಂದು ವಿಷಯವನ್ನು ಮನೆಮಾತಿನಲ್ಲಿ ಕ್ರಮವಾಗಿ ಹೇಳಲಾರದವನು ಇಂಗ್ಲಿಷಿನಲ್ಲೂ ಹೇಳಲಾರ. ಯೋಚನೆಯ ಕ್ರಮ ಒಮ್ಮೆ ಕೂಡಿಬಂದರೆ ಭಾಷೆ ಬದಲಿಸುವುದು ಅಭ್ಯಾಸದ ಪ್ರಶ್ನೆಯಷ್ಟೆ. ಆದ್ದರಿಂದ ವಿಜ್ಞಾನದ ಉತ್ತರವನ್ನು ಮೊದಲು ಮನೆಮಾತಿನಲ್ಲಿ ಹೇಳಿ, ಆಮೇಲೆ ಪುಸ್ತಕದ ಭಾಷೆಯಲ್ಲಿ ಹೇಳಿ ಎಂದು ನಾನು ಮಕ್ಕಳಿಗೆ ಸೂಚಿಸುತ್ತೇನೆ. ತುಳುವಿನಲ್ಲಿ ಮಳೆಯ ಕಾರಣ ಹೇಳಿದ ಮಗು ಸ್ವಲ್ಪ ಹೊತ್ತಿನಲ್ಲೇ ಕನ್ನಡದಲ್ಲೂ ಹೇಳುತ್ತದೆ.

ಎಲ್ಲಿ, ಯಾವಾಗ, ಎಷ್ಟು?

ಸ್ಪಷ್ಟತೆ ಎಂಬುದು ಉತ್ತಮ ಸಂವಹನದ ಜೀವ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಹಲವೆಡೆ ಗುಡ್ಡ ಜರಿದು ರಸ್ತೆ ಮುಚ್ಚಿದ್ದು ಎಲ್ಲರಿಗೂ ನೆನಪಿರಬಹುದು. ಅಂಥ ದಿನಗಳಲ್ಲಿ ಮೊಬೈಲ್‌ನಲ್ಲಿ ಹರಿದಾಡುವ ಸಂದೇಶಗಳನ್ನು ಗಮನಿಸಿ. 'ಘಾಟಿ ಬಂದ್, ಯಾರೂ ಬರಬೇಡಿ' ಎಂಬುದು ಒಂದು ಬಗೆ. 'ಇಂದು ಬೆಳಿಗ್ಗೆ 7 ಗಂಟೆಗೆ ಇಂಥ ತಿರುವಿನಲ್ಲಿ ಮರ ಬಿದ್ದಿದೆ, ಒಂದು ಬದಿಯಿಂದ ಸಣ್ಣ ವಾಹನ ಹೋಗುತ್ತಿದೆ, ನಾನೇ ನೋಡಿದ್ದೇನೆ' ಎಂಬುದು ಇನ್ನೊಂದು ಬಗೆ. ಮೊದಲನೆಯದು ಗಾಬರಿ ಹುಟ್ಟಿಸುತ್ತದೆ, ಎರಡನೆಯದು ದಾರಿ ತೋರಿಸುತ್ತದೆ. ದಿನಾಂಕವಿಲ್ಲದ ಹಳೆಯ ವಿಡಿಯೋ ಒಂದು ಇಂದಿನದೆಂದು ಊರೂರು ಸುತ್ತಿದರೆ ಆಗುವ ಅನಾಹುತ ಹೇಳತೀರದು. ಏನು, ಎಲ್ಲಿ, ಯಾವಾಗ, ಎಷ್ಟು, ಯಾರು ಕಂಡದ್ದು? ಈ ಐದಕ್ಕೆ ಉತ್ತರವಿಲ್ಲದ ಸಂದೇಶವನ್ನು ಮುಂದಕ್ಕೆ ಕಳುಹಿಸದಿರುವುದೂ ಒಂದು ಸಂವಹನ ಕೌಶಲವೇ.

ಅಪಘಾತ ಕಂಡರೆ 108ಕ್ಕೋ 112ಕ್ಕೋ ಫೋನ್ ಮಾಡಬೇಕೆಂದು ಮಕ್ಕಳಿಗೆ ಗೊತ್ತು. ಏನು ಹೇಳಬೇಕೆಂದು ಅಭ್ಯಾಸ ಮಾಡಿಸಿದವರು ಕಡಿಮೆ. 'ಸರ್, ಬೇಗ ಬನ್ನಿ, ಇಲ್ಲಿ ಆಕ್ಸಿಡೆಂಟ್ ಆಗಿದೆ' ಎಂದು ಕಿರುಚಿ ಫೋನ್ ಇಟ್ಟರೆ 'ಇಲ್ಲಿ' ಎಂದರೆ ಎಲ್ಲಿ ಎಂದು ಆ ಕಡೆಯವರಿಗೆ ತಿಳಿಯುವುದಿಲ್ಲ. ಮೊದಲು ಸ್ಥಳ, ಹತ್ತಿರದ ಗುರುತು, ಎಷ್ಟು ಮಂದಿಗೆ ಪೆಟ್ಟು, ಉಸಿರಾಟವಿದೆಯೇ, ನಿಮ್ಮ ಹೆಸರು, ಈ ಕ್ರಮದಲ್ಲಿ ಹೇಳಿ, ಅವರು ಇಡುವವರೆಗೆ ನೀವು ಫೋನ್ ಇಡಬಾರದು. ಮನೆಯಲ್ಲಿ ಆಟದ ಫೋನ್ ಹಿಡಿದು ಇದನ್ನು ನಾಲ್ಕು ಸಲ ಆಡಿ ನೋಡಿ. ಘಾಟಿಯ ಬುಡದ ಊರುಗಳಿಗೆ ಇದು ಬೇಕಾದ ವಿದ್ಯೆ.

ಅಳತೆಯ ಏಕಮಾನವನ್ನು ಹೇಳದೆ ಬಿಡುವ ವಿದ್ಯಾರ್ಥಿಗಳಿಗೆ ನಾನು ಹೇಳುವ ಕಥೆ 1999ರದು. ನಾಸಾ ಸಂಸ್ಥೆ ಮಂಗಳಗ್ರಹಕ್ಕೆ ಕಳುಹಿಸಿದ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ನೌಕೆ ಆ ವರ್ಷ ಸೆಪ್ಟೆಂಬರ್‌ನಲ್ಲಿ ನಾಶವಾಯಿತು. ನೌಕೆಯ ದಾರಿಯನ್ನು ಲೆಕ್ಕ ಹಾಕುವಲ್ಲಿ ಒಂದು ತಂಡ ಬ್ರಿಟಿಷ್ ಪದ್ಧತಿಯ ಪೌಂಡ್ ಅಳತೆಯಲ್ಲಿ ಅಂಕಿ ಕೊಟ್ಟಿತ್ತು, ಇನ್ನೊಂದು ತಂಡ ಅದನ್ನು ಮೆಟ್ರಿಕ್ ಪದ್ಧತಿಯ ನ್ಯೂಟನ್ ಎಂದು ತಿಳಿದಿತ್ತು. ಇಬ್ಬರೂ ಬುದ್ಧಿವಂತರೇ. ಒಬ್ಬರ ಚಿತ್ರ ಇನ್ನೊಬ್ಬರಿಗೆ ತಲುಪಲಿಲ್ಲ, ಅಷ್ಟೇ.

ಸಭಾಕಂಪನಕ್ಕೆ ಕಾರಣ

ವೇದಿಕೆ ಹತ್ತಿದಾಗ ಎದೆ ಡವಡವ, ಅಂಗೈಯಲ್ಲಿ ಬೆವರು, ಬಾಯಿ ಒಣಗುವುದು, ಇವೆಲ್ಲ ಹೇಡಿತನದ ಲಕ್ಷಣಗಳಲ್ಲ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಅಪಾಯದ ವೇಳೆ ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಓಡಲು ಅಥವಾ ಎದುರಿಸಲು ದೇಹ ಸಿದ್ಧವಾಗುತ್ತದೆ. ಎದುರಿಗೆ ಇರುವುದು ಚಿರತೆಯೋ ಸಹಪಾಠಿಗಳೋ ಎಂಬ ಭೇದ ಅದಕ್ಕಿಲ್ಲ. ಎಲ್ಲರಿಗೂ ಹೀಗಾಗುತ್ತದೆ ಎಂದು ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ. ಉಳಿದರ್ಧಕ್ಕೆ ಉಪಾಯವಿದೆ. ಮಾತು ಆರಂಭಿಸುವ ಮುನ್ನ ನಾಲ್ಕೈದು ಸಲ ಉಸಿರನ್ನು ನಿಧಾನವಾಗಿ ಹೊರಬಿಡಿ. ಮೊದಲ ಎರಡು ವಾಕ್ಯಗಳನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ, ಉಳಿದುದಕ್ಕೆ ಚೀಟಿಯಲ್ಲಿ ನಾಲ್ಕು ಶಬ್ದ ಸಾಕು. ಸಭೆಯಲ್ಲಿ ಸ್ನೇಹದಿಂದ ನೋಡುವ ಒಂದು ಮುಖ ಆರಿಸಿಕೊಂಡು ಅವರಿಗೆ ಹೇಳುವಂತೆ ಹೇಳಿ.

ಮಹಾತ್ಮ ಗಾಂಧಿಯವರು ಯೌವನದಲ್ಲಿ ಬಹಳ ನಾಚಿಕೆ ಸ್ವಭಾವದವರು. ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ ಬರೆದುಕೊಂಡು ಹೋದದ್ದನ್ನೂ ಓದಲಾಗದೆ ಬೇರೆಯವರಿಂದ ಓದಿಸಿದರು. ಮುಂಬಯಿಯಲ್ಲಿ ವಕೀಲರಾಗಿ ಮೊದಲ ಮೊಕದ್ದಮೆಯಲ್ಲಿ ಪ್ರಶ್ನೆ ಕೇಳಲು ಎದ್ದು ನಿಂತಾಗ ಮಾತೇ ಹೊರಡದೆ ಕುಳಿತುಬಿಟ್ಟರು. ಇದನ್ನೆಲ್ಲ ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಸಂಕೋಚವೇ ತಮಗೆ ಮಿತವಾಗಿ ಮಾತಾಡುವುದನ್ನು ಕಲಿಸಿತೆಂದೂ ಹೇಳಿಕೊಂಡಿದ್ದಾರೆ. ಮುಂದೆ ಅವರ ಮೆಲುದನಿಯ ಸರಳ ಮಾತಿಗೆ ದೇಶವೇ ಕಿವಿಗೊಟ್ಟಿತು.

ವ್ಯಕ್ತಿತ್ವ ವಿಕಸನದ ಶಿಬಿರಗಳಲ್ಲಿ 'ಸಂವಹನದಲ್ಲಿ ಶಬ್ದದ ಪಾಲು ಶೇಕಡಾ 7 ಮಾತ್ರ, ಉಳಿದದ್ದು ಧ್ವನಿ ಮತ್ತು ಹಾವಭಾವ' ಎಂದು ಹೇಳುವುದುಂಟು. ಇದು ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಅಂಕಿ. ಆ ಪ್ರಯೋಗಗಳು ಇಷ್ಟಾನಿಷ್ಟ ಭಾವನೆಗಳಿಗೆ ಮಾತ್ರ ಸಂಬಂಧಿಸಿದವು. ಎಲ್ಲ ಮಾತಿಗೂ ಅದು ಅನ್ವಯಿಸುವುದಿಲ್ಲವೆಂದು ಅವರೇ ಸ್ಪಷ್ಟಪಡಿಸಿದ್ದಾರೆ. ಶೇಕಡಾ 7 ಎಂಬುದು ನಿಜವಾಗಿದ್ದರೆ ನೀವು ಈ ಲೇಖನವನ್ನು ಓದಿ ಅರ್ಥ ಮಾಡಿಕೊಳ್ಳುವುದೇ ಸಾಧ್ಯವಿರಲಿಲ್ಲ! ನೆಟ್ಟಗೆ ನಿಲ್ಲುವುದು, ಕಣ್ಣು ನೋಡಿ ಮಾತಾಡುವುದು ಒಳ್ಳೆಯದೇ. ಆದರೆ ಹೇಳಲು ವಿಷಯವಿರಬೇಕು. ಹಾವಭಾವ ಪಾತ್ರೆಯಾದರೆ ವಿಷಯವೇ ಅನ್ನ.

ಮಕ್ಕಳ ಗ್ರಾಮಸಭೆಯಲ್ಲಿ

ನಮ್ಮ ರಾಜ್ಯದ ಗ್ರಾಮ ಪಂಚಾಯತುಗಳಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ಮಕ್ಕಳು ತಮ್ಮ ಊರಿನ, ಶಾಲೆಯ ಸಮಸ್ಯೆಗಳನ್ನು ಪಂಚಾಯತಿನವರ ಮುಂದೆಯೇ ಹೇಳಬಹುದು. ಕಲಿತ ಮಾತು ನಿಜವಾಗಿ ಪ್ರಯೋಜನಕ್ಕೆ ಬರುವ ಜಾಗ ಇದು. ಉದಾಹರಣೆಗೆ, ಮಳೆಗಾಲದಲ್ಲಿ ಅಡಿಕೆ ಮರದ ಕಾಲುಸಂಕ ದಾಟಿ ಶಾಲೆಗೆ ಬರುವ ಹುಡುಗಿಯೊಬ್ಬಳು ಎದ್ದು 'ನಮ್ಮ ಸಂಕ ಸರಿಯಿಲ್ಲ, ಸರಿ ಮಾಡಿಸಿ ಕೊಡಬೇಕು' ಎಂದು ಹೇಳಿ ಕುಳಿತುಕೊಳ್ಳುತ್ತಾಳೆ ಎನ್ನೋಣ. 'ಆಯಿತು, ನೋಡುವ' ಎಂಬ ಉತ್ತರ ಬರುತ್ತದೆ. ಮುಂದಿನ ಮಳೆಗಾಲಕ್ಕೂ ಸಂಕ ಹಾಗೆಯೇ ಇರುತ್ತದೆ.

ಅದೇ ಹುಡುಗಿ ಹೀಗೆ ಹೇಳಿದರೆ? 'ಇಂಥ ತೋಡಿನ ಸಂಕದಲ್ಲಿ ದಿನವೂ ಇಷ್ಟು ಮಕ್ಕಳು ದಾಟುತ್ತೇವೆ. ಅದರ ಉದ್ದ ಇಷ್ಟು ಅಡಿ, ಹಿಡಿಯಲು ಕೈತಾಂಗಿಲ್ಲ. ಜೂನ್ ಮತ್ತು ಜುಲೈಯಲ್ಲಿ ನೀರು ಸಂಕದ ಮೇಲೆ ಬಂದದ್ದರಿಂದ ಇಷ್ಟು ದಿನ ನಮಗೆ ಶಾಲೆಗೆ ಬರಲಾಗಲಿಲ್ಲ, ಹಾಜರಿ ಪುಸ್ತಕದಲ್ಲಿ ನೋಡಬಹುದು. ಹೊಸ ಸಂಕ ಆಗುವವರೆಗೆ ಒಂದು ಬದಿಗೆ ಕೈತಾಂಗಾದರೂ ಕಟ್ಟಿಸಿಕೊಡಬೇಕು.' ಇಲ್ಲಿ ದೊಡ್ಡ ಶಬ್ದವಿಲ್ಲ, ಕೋಪವಿಲ್ಲ. ಎಣಿಕೆ ಇದೆ, ಅಳತೆ ಇದೆ, ಸಾಕ್ಷಿ ಇದೆ, ಏನು ಬೇಕೆಂಬ ಸ್ಪಷ್ಟ ಬೇಡಿಕೆ ಇದೆ. ಇಂಥ ಮಾತನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳದೆ ಇರುವುದು ಯಾವ ಅಧಿಕಾರಿಗೂ ಕಷ್ಟ. ಇದನ್ನೇ ಒಂದು ಪುಟದಲ್ಲಿ ಬರೆದು ಕೊಟ್ಟು, ಸ್ವೀಕೃತಿ ಪಡೆದರೆ ಇನ್ನೂ ಗಟ್ಟಿ. ವಿಜ್ಞಾನದ ಪ್ರಯೋಗದ ವರದಿ ಬರೆಯುವ ಕ್ರಮವೂ ಇದೇ ಅಲ್ಲವೇ?

ಹೇಳದೆ ಉಳಿದ ಮಾತು

ಒಮ್ಮೆ ಎಂಟನೆಯ ತರಗತಿಯ ಹುಡುಗನೊಬ್ಬ ಬೋರ್ಡಿನಲ್ಲಿ ಬರೆದುದನ್ನು ಎಂದೂ ನೇರವಾಗಿ ನೋಡಿ ಬರೆಯದೆ ಪಕ್ಕದವನ ಪುಸ್ತಕ ನೋಡಿಯೇ ಬರೆಯುತ್ತಿರುವುದು ಕಂಡುಬಂತು. ವಿಚಾರಿಸಿದಾಗ ಅವನಿಗೆ ಬೋರ್ಡಿನ ಅಕ್ಷರಗಳು ಮಂಜಿನೊಳಗಿದ್ದಂತೆ ಕಾಣುತ್ತಿದ್ದವು. 'ಎಲ್ಲರಿಗೂ ಹಾಗೆಯೇ ಕಾಣುವುದು ಅಂತ ಎಣಿಸಿದ್ದೆ ಸರ್' ಎಂದ. ಕನ್ನಡಕ ಬಂದ ಮೇಲೆ ಅವನ ಅಂಕಗಳೂ ಬದಲಾದವು, ಮುಖವೂ ಬದಲಾಯಿತು. ಕೇಳದೆ ಇದ್ದರೆ ಇನ್ನೆಷ್ಟು ವರ್ಷ ಹಾಗೆಯೇ ಕಳೆಯುತ್ತಿತ್ತೋ.

'ನನಗೆ ಅರ್ಥವಾಗಲಿಲ್ಲ', 'ನನಗೆ ಕಾಣಿಸುವುದಿಲ್ಲ', 'ನನಗೆ ನೋಯುತ್ತಿದೆ', 'ಅವರು ಮಾಡುವುದು ನನಗೆ ಇಷ್ಟವಿಲ್ಲ', ಈ ನಾಲ್ಕು ವಾಕ್ಯಗಳನ್ನು ಹೇಳಲು ಬಾರದ ಮಗು ಎಷ್ಟೇ ಬಹುಮಾನ ಗೆದ್ದಿದ್ದರೂ ಅದಕ್ಕೆ ಮಾತು ಬಂದಿದೆ ಎನ್ನಲಾಗದು. ಹೇಳಿಕೊಳ್ಳಲಾಗದ ತೊಂದರೆ ಯಾರಿಂದಲಾದರೂ ಆಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹಣ ಕೊಡದೆ ಕರೆ ಮಾಡಬಹುದೆಂಬುದು ಪ್ರತಿ ವಿದ್ಯಾರ್ಥಿಗೂ ತಿಳಿದಿರಲಿ.

ತಂದೆತಾಯಿಯರಿಗೆ ಎರಡು ಮಾತು

ಮಗು ಮಾತಾಡಬೇಕಾದರೆ ಮನೆಯಲ್ಲಿ ಕೇಳುವ ಕಿವಿ ಬೇಕು. ಶಾಲೆಯಿಂದ ಬಂದ ಮಗುವಿಗೆ 'ಎಷ್ಟು ಅಂಕ ಬಂತು?' ಎಂದು ಕೇಳಿದರೆ ಉತ್ತರ ಒಂದು ಸಂಖ್ಯೆ. 'ಇವತ್ತು ಎಂತ ಹೊಸತು ನೋಡಿದೆ ಮಗಾ?' ಎಂದು ಕೇಳಿದರೆ ಉತ್ತರ ಒಂದು ಕಥೆ. ಆ ಕಥೆ ಮುಗಿಯುವವರೆಗೆ ಟಿ.ವಿ.ಯನ್ನೂ ಮೊಬೈಲನ್ನೂ ಬದಿಗಿಡಿ. ತಪ್ಪು ಶಬ್ದ ಬಂದರೆ ನಡುವೆ ತಡೆದು ತಿದ್ದಬೇಡಿ, ನಿಮ್ಮ ಉತ್ತರದಲ್ಲಿ ಸರಿಯಾದ ಶಬ್ದ ಬಳಸಿ, ಮಗು ತಾನೇ ಹಿಡಿದುಕೊಳ್ಳುತ್ತದೆ. ನೆಂಟರ ಮುಂದೆ ನಿಲ್ಲಿಸಿ 'ಪದ್ಯ ಹೇಳು' ಎಂದು ಒತ್ತಾಯಿಸುವುದರಿಂದಲೂ, 'ಅವಳನ್ನು ನೋಡಿ ಕಲಿ' ಎಂದು ಹೋಲಿಸುವುದರಿಂದಲೂ ಬೆಳೆಯುವುದು ಕೀಳರಿಮೆ ಮಾತ್ರ. ಅಂಗಡಿಗೆ, ಬ್ಯಾಂಕಿಗೆ, ಅಂಚೆ ಕಚೇರಿಗೆ ಹೋಗುವಾಗ ಮಗುವನ್ನು ಕರೆದೊಯ್ಯಿರಿ, ಒಂದು ಪ್ರಶ್ನೆಯನ್ನು ಅದರ ಬಾಯಿಂದಲೇ ಕೇಳಿಸಿ. ಅಜ್ಜಿ ಹೇಳುವ ಒಗಟುಗಳೂ ಒಳ್ಳೆಯ ಪಾಠ. ವಸ್ತುವಿನ ಹೆಸರು ಹೇಳದೆ ಅದನ್ನು ವರ್ಣಿಸುವ ವಿದ್ಯೆ ಅಲ್ಲಿದೆ.

ಒಂದು ತಿಂಗಳ ಅಭ್ಯಾಸ

1. ದಿನಕ್ಕೊಂದು ಸಂಗತಿಯನ್ನು ಗಡಿಯಾರ ನೋಡಿ ಒಂದೇ ನಿಮಿಷದಲ್ಲಿ ಮನೆಯವರಿಗೆ ಹೇಳಿ. ಮೊದಲ ವಾಕ್ಯದಲ್ಲೇ ಮುಖ್ಯ ವಿಷಯ ಬರಲಿ.

2. ಶಾಲೆಯಿಂದ ನಿಮ್ಮ ಮನೆಗೆ ಬರುವ ದಾರಿಯನ್ನು, ಊರಿಗೆ ಹೊಸಬರಾದವರು ತಪ್ಪದೆ ಬರುವಂತೆ ಆರು ವಾಕ್ಯಗಳಲ್ಲಿ ಬರೆಯಿರಿ. ಬೇರೊಬ್ಬರಿಗೆ ಓದಲು ಕೊಟ್ಟು ಎಲ್ಲಿ ತಪ್ಪುತ್ತಾರೆ ನೋಡಿ.

3. ದಿನಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿ, ಪೂರ್ಣವಿರಾಮದಲ್ಲಿ ನಿಜವಾಗಿಯೂ ನಿಲ್ಲಿ.

4. ವಾರಕ್ಕೊಮ್ಮೆ ಗೆಳೆಯನೊಡನೆ ಒಂದು ವಿಷಯದ ಮೇಲೆ ವಾದ ಮಾಡಿ, ಅರ್ಧದಲ್ಲಿ ಪಕ್ಷ ಬದಲಿಸಿಕೊಳ್ಳಿ.

5. ತರಗತಿಯಲ್ಲಿ ದಿನಕ್ಕೆ ಒಂದು ಪ್ರಶ್ನೆಯನ್ನಾದರೂ ಕೇಳಿ.

6. ವಾರಕ್ಕೊಂದು ಪತ್ರ ಬರೆಯಿರಿ. ಅಜ್ಜನಿಗಾದರೂ ಸರಿ, ಪಂಚಾಯತಿಗಾದರೂ ಸರಿ.

ಇವುಗಳಿಗೆ ಹಣ ಬೇಡ, ಕಂಪ್ಯೂಟರ್ ಬೇಡ, ಪಟ್ಟಣಕ್ಕೆ ಹೋಗುವುದೂ ಬೇಡ. ದಿನಕ್ಕೆ ಹದಿನೈದು ನಿಮಿಷ ಮತ್ತು ಕೇಳಲು ಒಬ್ಬರು ಇದ್ದರೆ ಸಾಕು. ಈಜು ಕಲಿಯಲು ನೀರಿಗೆ ಇಳಿಯಲೇಬೇಕು, ಮಾತು ಕಲಿಯಲು ಮಾತಾಡಲೇಬೇಕು. ವಿದ್ಯಾರ್ಥಿ ಮಿತ್ರರೇ, ಮುಂದಿನ ಸಲ ಅಧ್ಯಾಪಕರು ಪ್ರಶ್ನೆ ಕೇಳಿದಾಗ 'ಗೊತ್ತುಂಟು' ಎಂಬಲ್ಲಿಗೆ ನಿಲ್ಲಿಸಬೇಡಿ. ನಿಮಗೆ ಬಂದ ಭಾಷೆಯಲ್ಲಿ, ಬಂದಷ್ಟು ವಾಕ್ಯಗಳಲ್ಲಿ ಹೇಳಲು ತೊಡಗಿ. ಉಳಿದದ್ದನ್ನು ಅಭ್ಯಾಸ ನೋಡಿಕೊಳ್ಳುತ್ತದೆ.